ಯಾರಿಗೆ ಯಾವ ವ್ಯಾಯಾಮ?

2025ರ ಜೂನ್ ತಿಂಗಳಿಡೀ ಹಾಸನ ಜಿಲ್ಲೆಯ ಹೆಸರು ಟಿ.ವಿ. ಸುದ್ದಿಯಲ್ಲಿ ಕೇಳದ ದಿನವಿರಲಿಲ್ಲ. ಮೇ ಕೊನೆಯಿಂದ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಮಂದಿ ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡಿದ್ದರು. ಅವರಲ್ಲಿ ಹಲವರಿಗೆ 45 ವರ್ಷ ಕೂಡ ತುಂಬಿರಲಿಲ್ಲ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಹಿಂದಿಗಿಂತ ಅಸಹಜವಾಗಿ ಏರಿಲ್ಲ ಎಂದು ಜುಲೈನಲ್ಲಿ ಬಂದ ವರದಿ ಹೇಳಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯ, ಮನೆತನದ ಹಿನ್ನೆಲೆ ಎಂಬ ಹಳೆಯ ಕಾರಣಗಳನ್ನೇ ಎತ್ತಿ ತೋರಿಸಿತು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರ ಪಾಲು ಎದ್ದು ಕಾಣುವಂತಿತ್ತು.

ವರದಿ ಬಂದರೂ ಭಯ ಹೋಗಲಿಲ್ಲ. ಸಕಲೇಶಪುರ, ಆಲೂರಿನಂಥ ಊರುಗಳಲ್ಲಿ ಆ ಭಯ ಎರಡು ದಾರಿ ಹಿಡಿಯಿತು. ಕೆಲವರು ಮಾಡುತ್ತಿದ್ದ ವ್ಯಾಯಾಮವನ್ನೇ ಬಿಟ್ಟರು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಪುನೀತ್ ರಾಜ್‌ಕುಮಾರ್ ಹೋದ ದಿನದಿಂದ ‘ಜಿಮ್ ಮಾಡಿದರೆ ಹಾರ್ಟ್‌ಗೆ ಪೆಟ್ಟು’ ಎಂಬ ಮಾತು ಮನೆಮನೆಯಲ್ಲಿ ಕೂತುಬಿಟ್ಟಿದೆ. ಇನ್ನು ಕೆಲವರು ಅಷ್ಟೇ ಗಾಬರಿಯಿಂದ ಹೊಸದಾಗಿ ಜಿಮ್‌ಗೆ ಸೇರಿ, ಹತ್ತು ವರ್ಷ ಕೂತಿದ್ದನ್ನು ಹದಿನೈದು ದಿನದಲ್ಲಿ ತೀರಿಸುವ ಹಟಕ್ಕೆ ಬಿದ್ದರು. ನನಗೆ ಹೆಚ್ಚು ಆತಂಕ ಈ ಎರಡನೆಯವರದ್ದು. ಅಂಥವರು ಬಾಗಿಲಲ್ಲಿ ನಿಂತು “ಸರ್, ಏನು ಮಾಡಿಸ್ತೀರಿ?” ಎಂದು ಕೇಳಿದಾಗ ಟ್ರೇನರ್ ಕೊಡುವ ಉತ್ತರದ ಮೇಲೆ ಬಹಳಷ್ಟು ನಿಂತಿದೆ.

ಇವತ್ತು ಆ ಉತ್ತರ ಹೆಚ್ಚಾಗಿ ಮೊಬೈಲ್‌ನಿಂದ ಬರುತ್ತಿದೆ. ಮುಂಬಯಿಯಲ್ಲೋ ಅಮೆರಿಕದಲ್ಲೋ ಯಾರೋ ಮಾಡಿದ ಇಪ್ಪತ್ತು ನಿಮಿಷದ ಹೊಡೆತ ಇಲ್ಲಿ ಬಾಳ್ಳುಪೇಟೆಯ ಅಂಗಡಿಯವರಿಗೂ ಹಾನುಬಾಳಿನ ತೋಟದ ರೈಟರಿಗೂ ಒಂದೇ ಅಳತೆಯಲ್ಲಿ ಹಂಚಿಕೆಯಾಗುತ್ತದೆ. ತೋಟಕ್ಕೆ ಗೊಬ್ಬರ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವ ಬೆಳೆಗಾರ, ತನ್ನ ಮೈಗೆ ಬಂದಾಗ ಯಾವ ಪರೀಕ್ಷೆಯೂ ಇಲ್ಲದೆ ಸಿಕ್ಕಿದ್ದನ್ನು ಸುರಿದುಕೊಳ್ಳುತ್ತಾನೆ. ವ್ಯಾಯಾಮದ ಮಾದರಿಯನ್ನು ಆರಿಸುವುದು ಯೋಜನೆಯ ಕೊನೆಯ ಕೆಲಸವಾಗಬೇಕು. ಅದಕ್ಕೂ ಮೊದಲು ಆ ಮನುಷ್ಯನ ವಾರ ಹೇಗಿದೆ, ವರ್ಷ ಹೇಗಿದೆ, ಸಂಜೆಯ ಹೊತ್ತಿಗೆ ಅವನ ಮೈಯಲ್ಲಿ ಏನು ಉಳಿದಿದೆ ಎಂಬುದು ಗೊತ್ತಾಗಬೇಕು.

ಹಾಗಂತ ಮಾದರಿಗಳು ಮುಖ್ಯವಲ್ಲ ಎಂದಲ್ಲ. ಒಂದೊಂದೂ ಒಂದೊಂದು ಅಗತ್ಯಕ್ಕೆ ಹುಟ್ಟಿದ್ದು. ಯಾವ ಅಗತ್ಯಕ್ಕೆ ಎಂದು ತಿಳಿದರೆ ಆಯ್ಕೆ ಅರ್ಧ ಸುಲಭವಾಗುತ್ತದೆ.

ಎಲ್ಲಕ್ಕಿಂತ ಸರಳವಾದದ್ದು ಒಂದು ವ್ಯಾಯಾಮವನ್ನು ಎಂಟು ಹತ್ತು ಸಲ ಮಾಡಿ, ಎರಡು ನಿಮಿಷ ಕೂತು, ಮತ್ತೆ ಅದನ್ನೇ ಮಾಡುವ ನೇರ ಸೆಟ್. ಎರಡನೇ ಮಹಾಯುದ್ಧದ ಗಾಯಾಳು ಸೈನಿಕರ ಸೊರಗಿದ ಕಾಲುಗಳಿಗೆ ಬಲ ತರಲು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಭಾರವನ್ನು ಹಂತಹಂತವಾಗಿ ಏರಿಸುವ ಕ್ರಮವನ್ನು 1945ರಲ್ಲಿ ಪ್ರಕಟಿಸಿದರು. ಇಂದು ಎಲ್ಲ ಜಿಮ್‌ಗಳಲ್ಲಿ ನಡೆಯುವ ‘ಹತ್ತು ಸಲ, ಮೂರು ಸೆಟ್’ ಅಲ್ಲಿಂದ ಬಂದದ್ದು. ಅದು ಆಸ್ಪತ್ರೆಯಲ್ಲಿ, ದುರ್ಬಲರಿಗಾಗಿ ಹುಟ್ಟಿತು ಎನ್ನುವುದನ್ನು ನಾವು ಮರೆತಿದ್ದೇವೆ. ನೇರ ಸೆಟ್‌ನಲ್ಲಿ ದಣಿವಾರಿಸಿಕೊಳ್ಳಲು ಸಮಯವಿದೆ. ಬೆನ್ನು ಬಾಗಿತೇ, ಮೊಣಕಾಲು ಒಳಗೆ ಸರಿಯಿತೇ ಎಂದು ಟ್ರೇನರ್ ನೋಡಿ ತಿದ್ದಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಶುರು ನನಗೆ ಕಾಣುವುದಿಲ್ಲ. ನೋಡುವವರಿಗೆ ಬೇಸರ ತರಿಸುತ್ತದೆ ಎಂಬುದೊಂದೇ ಅದರ ಮೇಲಿನ ದೂರು.

ಸರ್ಕ್ಯೂಟ್ ಬೇರೆ ಸಂದರ್ಭದ ಕೂಸು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಆರ್.ಇ. ಮಾರ್ಗನ್ ಮತ್ತು ಜಿ.ಟಿ. ಆಡಮ್‌ಸನ್ ಅದನ್ನು ರೂಪಿಸಿದರು. ಒಂದೇ ಹಾಲ್, ಹಲವು ವಿದ್ಯಾರ್ಥಿಗಳು, ಕಡಿಮೆ ಸಮಯ ಎಂಬುದು ಅವರ ಮುಂದಿದ್ದ ಸಮಸ್ಯೆ. ಒಂಬತ್ತರಿಂದ ಹನ್ನೆರಡು ಜಾಗಗಳಲ್ಲಿ ಒಂದೊಂದು ವ್ಯಾಯಾಮ ಇಟ್ಟು, ಹಗುರ ಭಾರದಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗುವ ಏರ್ಪಾಡು ಅದು. ಇದರಲ್ಲಿ ಗಮನಿಸಬೇಕಾದ್ದೊಂದಿದೆ: ಮೂಲದಲ್ಲಿ ಪ್ರತಿಯೊಬ್ಬರ ಶಕ್ತಿಯನ್ನು ಮೊದಲು ಅಳೆದು ಅವರವರ ಪ್ರಮಾಣ ಗೊತ್ತುಮಾಡುತ್ತಿದ್ದರು. ಇಂದು ಆ ಅಳತೆ ಬಿದ್ದುಹೋಗಿ ಸುತ್ತು ಮಾತ್ರ ಉಳಿದಿದೆ. ಎಲ್ಲರಿಗೂ ಒಂದೇ ಸೀಟಿ, ಒಂದೇ ವೇಗ. ಒಬ್ಬ ಟ್ರೇನರ್, ಹತ್ತು ಜನ, ಒಂದು ಕೋಣೆ ಇರುವ ನಮ್ಮ ಕಡೆಯ ಜಿಮ್‌ಗೆ ಸರ್ಕ್ಯೂಟ್ ಹೇಳಿ ಮಾಡಿಸಿದ್ದು ನಿಜ. ಆದರೆ ಅಳತೆಯನ್ನೂ ಜೊತೆಗೇ ತರಬೇಕು.

ಟಬಾಟಾ ಹೆಸರಂತೂ ಈಗ ಬಹಳ ದುರ್ಬಳಕೆಯಾಗುತ್ತಿದೆ. ಜಪಾನಿನ ವಿಜ್ಞಾನಿ ಇಝುಮಿ ಟಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಸೆಕೆಂಡ್ ಶ್ರಮ, 10 ಸೆಕೆಂಡ್ ವಿರಾಮ, ಹೀಗೆ ಏಳೆಂಟು ಸಲ ಮಾಡಿಸಿದ್ದರು. ಸ್ಪೀಡ್ ಸ್ಕೇಟಿಂಗ್ ತಂಡದ ತರಬೇತಿಯಿಂದ ಬಂದ ಕ್ರಮ ಅದು. ಮಾಡಿದವರು ದೈಹಿಕ ಶಿಕ್ಷಣ ಓದುತ್ತಿದ್ದ ಗಟ್ಟಿಮುಟ್ಟಾದ ಹುಡುಗರು. ಮಾಡಿದ್ದು ಪ್ರಯೋಗಾಲಯದ ಸೈಕಲ್ ಮೇಲೆ. ಶ್ರಮದ ಮಟ್ಟ ಅವರ ದೇಹ ಗರಿಷ್ಠ ಆಮ್ಲಜನಕ ಬಳಸುವ ಮಟ್ಟದ 170 ಪ್ರತಿಶತ. ನಾಲ್ಕು ನಿಮಿಷ ಎಂದು ಕೇಳಿದಾಗ ಹಗುರ ಅನ್ನಿಸುತ್ತದೆ, ನಾಲ್ಕು ನಿಮಿಷದ ನಂತರ ಆ ಹುಡುಗರು ಪೂರ್ತಿ ಸೋತುಹೋಗುತ್ತಿದ್ದರು. ಶಿರಾಡಿ ಘಾಟಿಯಲ್ಲಿ ದಿನವೆಲ್ಲ ಸ್ಟೇರಿಂಗ್ ಹಿಡಿದು ಬಂದ 44ರ ಚಾಲಕನಿಗೆ ಜಿಮ್ ಸೇರಿದ ಮೂರನೇ ದಿನ ಇದನ್ನು ಮಾಡಿಸಬೇಕೆಂದು ಆ ಅಧ್ಯಯನದಲ್ಲಿ ಎಲ್ಲೂ ಹೇಳಿಲ್ಲ.

ಚಾಲಕರ ವಿಷಯಕ್ಕೆ ಇನ್ನಷ್ಟು ಹೊತ್ತು ಕೊಡಬೇಕು. ಸರ್ಕ್ಯೂಟ್ ಹುಟ್ಟಿದ ಅದೇ 1953ರಲ್ಲಿ, ಅದೇ ಇಂಗ್ಲೆಂಡಿನಲ್ಲಿ, ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಕೂತು ಬಸ್ ಓಡಿಸುವ ಚಾಲಕರಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿದು ಟಿಕೆಟ್ ಹರಿಯುವ ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು. ಒಂದೇ ಬಸ್, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಜನ. ದೇಹದ ಚಲನೆಗೂ ಹೃದಯಕ್ಕೂ ಇರುವ ನಂಟನ್ನು ಮೊದಲ ಬಾರಿಗೆ ಅಂಕಿ ಅಂಶದಲ್ಲಿ ತೋರಿಸಿದ ಕೆಲಸ ಎಂದು ಅದನ್ನು ಇಂದಿಗೂ ನೆನೆಯುತ್ತಾರೆ. 72 ವರ್ಷಗಳ ನಂತರ ಹಾಸನದ ವರದಿಯಲ್ಲಿ ಮತ್ತೆ ಚಾಲಕರೇ ಕಾಣಿಸಿಕೊಂಡರು. ನಮ್ಮ ಕಡೆಯ ಚಾಲಕನ ದಿನ ಇನ್ನೂ ಕಠಿಣ. ಹೊತ್ತಲ್ಲದ ಹೊತ್ತಿನ ಊಟ, ನಿದ್ದೆಗೆಟ್ಟ ಬಾಡಿಗೆ, ಸಾಲದ ಕಂತು, ಕೈಯಲ್ಲಿ ಬೀಡಿ. ಜೊತೆಗೆ ಮಳೆಗಾಲದ ರಸ್ತೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ಹೆದ್ದಾರಿ ನಿಂತಾಗ ಎಷ್ಟು ಮಂದಿ ಸೀಟಿನಲ್ಲೇ ರಾತ್ರಿ ಕಳೆದರೆಂದು ಆ ದಾರಿಯವರನ್ನು ಕೇಳಿದರೆ ತಿಳಿಯುತ್ತದೆ.

ಇಂಥವರಿಗೆ ಯಾವ ಮಾದರಿ? ಉತ್ತರಕ್ಕೆ ಇನ್ನೊಂದು ಅಧ್ಯಯನ ನೆರವಾಗುತ್ತದೆ. 1993ರಲ್ಲಿ ಅಮೆರಿಕದ ಮರ್ರೇ ಮಿಟಲ್‌ಮನ್ ಮತ್ತು ಸಂಗಡಿಗರು ಹೃದಯಾಘಾತವಾದ 1,200ಕ್ಕೂ ಹೆಚ್ಚು ರೋಗಿಗಳನ್ನು ವಿಚಾರಿಸಿ, ಆಘಾತಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಅವರು ಏನು ಮಾಡುತ್ತಿದ್ದರು ಎಂದು ದಾಖಲಿಸಿದರು. ವಾರಕ್ಕೆ ಐದು ಸಲವೋ ಹೆಚ್ಚೋ ಶ್ರಮದ ರೂಢಿ ಇದ್ದವರಲ್ಲಿ ಭಾರೀ ಶ್ರಮದ ನಂತರದ ಅಪಾಯ ಉಳಿದ ಹೊತ್ತಿಗಿಂತ ಸುಮಾರು 2.4 ಪಟ್ಟು ಹೆಚ್ಚಿತ್ತು. ಶ್ರಮದ ಅಭ್ಯಾಸವೇ ಇಲ್ಲದವರಲ್ಲಿ ಅದು 107 ಪಟ್ಟು. ಈ ಅಂಕಿಯನ್ನು ಓದಿ ಹೆದರಬೇಕಿಲ್ಲ. ಒಬ್ಬ ವ್ಯಕ್ತಿಗೆ ಯಾವುದೋ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಾಧ್ಯತೆ ತೀರಾ ಸಣ್ಣದು, ಅದನ್ನು ನೂರರಿಂದ ಗುಣಿಸಿದರೂ ಸಣ್ಣದೇ. ಆದರೆ ಅಂಕಿ ತೋರಿಸುವ ದಿಕ್ಕು ಸ್ಪಷ್ಟವಾಗಿದೆ. ಕಾಯುವುದು ರೂಢಿ, ಕೆಡಿಸುವುದು ರೂಢಿಯಿಲ್ಲದ ಮೈಮೇಲೆ ಒಮ್ಮೆಲೇ ಹೇರುವ ಹೊಡೆತ. ಹೆದರಿ ಜಿಮ್ ಬಿಟ್ಟವರೂ ಹೆದರಿ ಜಿಮ್‌ಗೆ ನುಗ್ಗಿದವರೂ ಒಂದೇ ತಪ್ಪು ಮಾಡಿದ್ದಾರೆ. ಮಧ್ಯದ ದಾರಿ ನಿಧಾನದ್ದು, ಅದಕ್ಕೆ ವಾರಗಳು ಬೇಕು.

ಹಾಗಾಗಿ ಚಾಲಕನ ಮೊದಲ ತಿಂಗಳು ನಡಿಗೆಯದ್ದು. ಒಟ್ಟಿಗೆ ಒಂದು ಗಂಟೆ ಸಿಗದಿದ್ದರೆ ಬಾಡಿಗೆಗೆ ಕಾಯುವ ಹೊತ್ತಲ್ಲಿ ಹತ್ತು ಹತ್ತು ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು ಎನ್ನುವಷ್ಟು ವೇಗ. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಬಡಿತವನ್ನೇ ತಗ್ಗಿಸುವುದರಿಂದ ಅಂಥವರಿಗೆ ಕೈಗಡಿಯಾರದ ಅಂಕಿಗಿಂತ ಈ ಮಾತಿನ ಪರೀಕ್ಷೆಯೇ ನಂಬಿಕೆಗೆ ಅರ್ಹ. ವಾರಕ್ಕೆ ಎರಡು ದಿನ ಜಿಮ್‌ನಲ್ಲಿ ನಾಲ್ಕೈದು ವ್ಯಾಯಾಮ, ನೇರ ಸೆಟ್, ಉಸಿರು ಬಿಗಿಹಿಡಿಯದೆ. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಬಹಳ ಮೇಲೆ ಹೋಗುತ್ತದೆ. ಎರಡನೇ ತಿಂಗಳು ಹಗುರ ಸರ್ಕ್ಯೂಟ್ ಸೇರಲಿ. ಮೂರನೆಯದರಲ್ಲಿ ಒಂದು ನಿಮಿಷ ಬಿರುಸು, ಎರಡು ನಿಮಿಷ ಸಾವಕಾಶ ಎಂಬ ಸೌಮ್ಯ ಇಂಟರ್ವಲ್. ಕೊನೆಯಲ್ಲಿ ಗಕ್ಕನೆ ನಿಲ್ಲಿಸದೆ ಐದು ನಿಮಿಷ ನಡೆಸಿ ಕಳಿಸುವುದು. ಟಬಾಟಾ ಅವನ ಪಾಲಿಗೆ ಎಂದೂ ಬಾರದಿದ್ದರೂ ನಷ್ಟವಿಲ್ಲ.

ಇದೆಲ್ಲಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಏರು ಹತ್ತುವಾಗ ಎದೆ ಹಿಡಿಯುತ್ತದೆಯೇ? ತಲೆ ಸುತ್ತಿ ಬಿದ್ದದ್ದುಂಟೇ? ಬಿಪಿ, ಶುಗರ್‌ಗೆ ಮಾತ್ರೆ ಇದೆಯೇ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಹೋದರೇ? ಒಂದಕ್ಕೆ ಹೌದೆಂದರೂ ಮೊದಲು ಡಾಕ್ಟರ ಬಳಿಗೆ, ಆಮೇಲೆ ಜಿಮ್‌ಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದ ತಜ್ಞರಿಗೆ ಕಳಿಸಿ, ತುರ್ತಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಡುವ ವ್ಯವಸ್ಥೆಯನ್ನು ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಂದಿದೆ. ಜಿಮ್‌ನ ಗೋಡೆಯ ಮೇಲೆ ಬಾಡಿಬಿಲ್ಡರ್ ಚಿತ್ರದ ಪಕ್ಕದಲ್ಲಿ ಹತ್ತಿರದ ಆಸ್ಪತ್ರೆಯ ಫೋನ್ ನಂಬರ್ ಕೂಡ ಇರಬೇಕು ಎಂದು ನಾನು ಕಳಕಳಿಯಿಂದ ಕೇಳುತ್ತೇನೆ.

ಇನ್ನು ತೋಟದವರು. ಮೈ ಬಗ್ಗಿಸಿ ದುಡಿಯುವವರಿಗೆ ವ್ಯಾಯಾಮ ಯಾಕೆ ಎಂಬ ಪ್ರಶ್ನೆ ಇಲ್ಲಿ ಹಳೆಯದು. ಬೆಟ್ಟದ ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ಯುವುದು, ಮೂಟೆ ಹೊರುವುದು, ಏಣಿ ಹತ್ತಿ ಮೆಣಸು ಬಿಡಿಸುವುದು, ಮರಗಸಿ ಮಾಡುವುದು, ಕಳೆ ಕೊಚ್ಚುವುದು, ಇವೆಲ್ಲ ಶ್ರಮವೇ. ಕಾಫಿ ವ್ಯಾಪಾರದ ಲೆಕ್ಕವೇ 50 ಕೆ.ಜಿ. ಚೀಲದ್ದು, ಅದನ್ನು ಎತ್ತಿ ಇಳಿಸುವ ಬೆನ್ನುಗಳಿಗೆ ಭಾರದ ಪಾಠ ಯಾರೂ ಹೇಳಬೇಕಿಲ್ಲ. ಆದರೆ ಡೆನ್ಮಾರ್ಕಿನ ಆಂಡ್ರಿಯಾಸ್ ಹೊಲ್ಟರ್‌ಮನ್ ಮತ್ತು ಅವರ ಜೊತೆಗಾರರು ವರ್ಷಗಳಿಂದ ಹೇಳುತ್ತಿರುವ ಮಾತೊಂದಿದೆ. ಬಿಡುವಿನಲ್ಲಿ ಮಾಡುವ ವ್ಯಾಯಾಮ ಹೃದಯವನ್ನು ಕಾಪಾಡುತ್ತದೆ, ಹೊಟ್ಟೆಪಾಡಿನ ದುಡಿಮೆ ಅದೇ ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಉಲ್ಟಾ ಆಗುತ್ತದೆ. ಅವರು ಕೊಡುವ ವಿವರಣೆ ತೋಟ ನೋಡಿದವರಿಗೆ ಕೂಡಲೇ ಅರ್ಥವಾಗುತ್ತದೆ. ಕೆಲಸದ ಶ್ರಮ ದಮ್ಮು ಹೆಚ್ಚಿಸುವಷ್ಟು ಬಿರುಸಲ್ಲ, ಆದರೆ ಎಂಟು ಗಂಟೆ ಎಳೆಯುತ್ತದೆ. ರಕ್ತದೊತ್ತಡ ದಿನವಿಡೀ ತುಸು ಮೇಲೆಯೇ ಇರುತ್ತದೆ. ಯಾವಾಗ ನಿಲ್ಲಿಸಬೇಕು, ಎಷ್ಟು ಎತ್ತಬೇಕು ಎಂಬುದು ಮೇಸ್ತ್ರಿಯ ಕೈಯಲ್ಲಿದೆ, ದುಡಿಯುವವರ ಕೈಯಲ್ಲಿಲ್ಲ. ಮರುದಿನಕ್ಕೆ ಚೇತರಿಕೆ ಸಾಲುವುದಿಲ್ಲ.

ಲೈನ್ ಮನೆಯ ಹೆಣ್ಣುಮಗಳು ಜಿಮ್‌ಗೆ ಬರುವುದಿಲ್ಲ, ನಿಜ. ಆದರೆ ರೈಟರ್ ಬರುತ್ತಾರೆ, ಪಿಕಪ್ ಓಡಿಸುವವರು ಬರುತ್ತಾರೆ, ಆಳುಗಳ ಜೊತೆ ತಾನೂ ದುಡಿಯುವ ಮೂರು ನಾಲ್ಕು ಎಕರೆಯ ಬೆಳೆಗಾರ ಬರುತ್ತಾನೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಅದರ ಹಿಂದೆಯೇ ರೊಬಸ್ಟಾ, ಅದು ಮುಗಿಯುವ ಹೊತ್ತಿಗೆ ಮೆಣಸು. ಆ ತಿಂಗಳುಗಳಲ್ಲಿ ಬೆಳೆಗಾರನ ಬೆನ್ನು, ಸೊಂಟ, ಮುಂಗೈ ಹಗಲೆಲ್ಲ ಬಳಕೆಯಾಗಿರುತ್ತವೆ. ಸಂಜೆ ಏಳಕ್ಕೆ ಬಂದವನಿಗೆ ಭಾರದ ಡೆಡ್‌ಲಿಫ್ಟ್ ಕೊಡುವುದು ಹಗಲಿನ ಸವೆತದ ಮೇಲೆ ಇನ್ನೊಂದು ಸವೆತ. ಆಗ ಬೇಕಾದ್ದು ದಿನವಿಡೀ ಬಾಗಿದ್ದ ಬೆನ್ನನ್ನು ಹಿಂದಕ್ಕೆ ತೆರೆಯುವ ಚಲನೆ, ಭುಜದ ಹಿಂಭಾಗಕ್ಕೆ ಒಂದೆರಡು ಸೆಟ್, ಸೊಂಟ ಸಡಿಲಿಸುವ ಹತ್ತು ನಿಮಿಷ. ಮುಂಗಾರು ಹಿಡಿದು ಕೆಲಸ ತಗ್ಗಿದಾಗ ಲೆಕ್ಕ ತಿರುಗಿಸಿ, ಬಲ ಕಟ್ಟುವ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿಸಬೇಕು. ಜನವರಿ ಒಂದರಂದು ಸಂಕಲ್ಪ ಮಾಡುವ ಪದ್ಧತಿ ಕಾಫಿ ಸೀಮೆಗೆ ಹೊಂದುವುದೇ ಇಲ್ಲ. ಇಲ್ಲಿ ವರ್ಷದ ತರಬೇತಿ ಶುರುವಾಗಬೇಕಾದ್ದು ಮೊದಲ ಮಳೆಗೆ.

ಮಳೆ ಅಂದಮೇಲೆ ಹಾಜರಿಯ ಮಾತು. ಹೆತ್ತೂರು, ಯಸಳೂರು ಕಡೆಯವರು ಜುಲೈನಲ್ಲಿ ವಾರಕ್ಕೆ ಐದು ದಿನ ಪೇಟೆಗೆ ಬರುತ್ತಾರೆಂದು ನಂಬಿ ಯೋಜನೆ ಮಾಡಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಆದರೂ ನಮ್ಮ ಜಿಮ್‌ಗಳಲ್ಲಿ ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ ಎಂಬ ಬಾಡಿಬಿಲ್ಡಿಂಗ್ ಹಂಚಿಕೆಯೇ ನಡೆಯುತ್ತಿದೆ. ಸ್ಪರ್ಧೆಗೆ ಸಿದ್ಧವಾಗುವವನಿಗೆ ಅದು ಸರಿ. ವಾರಕ್ಕೆ ಎರಡು ದಿನ ಮಾತ್ರ ಬರಲಾಗುವವನಿಗೆ ಎದೆ ಎರಡು ತಿಂಗಳು ಬೆಳೆದು ಕಾಲು ಒಮ್ಮೆಯೂ ಅಲುಗದೆ ಉಳಿಯುತ್ತದೆ. ಇಲ್ಲಿಗೆ ಪೂರ್ಣ ಮೈಯ ವ್ಯಾಯಾಮವೇ ಸರಿ. ಒಂದು ಬಸ್ಕಿ ಬಗೆಯದ್ದು, ಒಂದು ತಳ್ಳುವುದು, ಒಂದು ಎಳೆಯುವುದು, ಒಂದು ನೆಲದಿಂದ ಎತ್ತುವುದು, ಒಂದು ಹೊತ್ತು ನಡೆಯುವುದು. ಬಂದ ದಿನ ಎಲ್ಲವೂ ಆಗಿರಬೇಕು. ಮುಂದಿನ ಸಲ ನಾಳೆಯೋ ಎಂಟು ದಿನ ಬಿಟ್ಟೋ, ಕೊಂಡಿ ಕಳಚುವುದಿಲ್ಲ.

ಬೆಳಗಿನ ನಡಿಗೆಗೂ ಇಲ್ಲಿ ಬೇರೆಯೇ ನಿಯಮ. ಆರು ಗಂಟೆಗೆ ಎದ್ದು ಹೊರಡಿ ಎಂದು ಬೆಂಗಳೂರಿನ ತಜ್ಞರು ಪತ್ರಿಕೆಯಲ್ಲಿ ಬರೆಯುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟದ ರಸ್ತೆಗಳಲ್ಲಿ ಆ ಹೊತ್ತು ಕಾಡಾನೆಗಳದ್ದು. ದಸರಾ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತದ್ದು ಇಡೀ ನಾಡಿಗೆ ಗೊತ್ತು. ಕೆಲಸಕ್ಕೆ ಹೊರಟು ಜೀವ ಕಳೆದುಕೊಂಡ ಕೂಲಿಕಾರರ ಮನೆಗಳು ಇಲ್ಲಿ ಹಲವಿವೆ. ಅರಣ್ಯ ಇಲಾಖೆಯ ಸಂದೇಶ ನೋಡಿಕೊಂಡೇ ಮಕ್ಕಳನ್ನು ಶಾಲೆಗೆ ಬಿಡುವ ಊರಲ್ಲಿ ‘ಮುಂಜಾನೆ ಐದು ಕಿಲೋಮೀಟರ್’ ಎಂದು ಚೀಟಿಯಲ್ಲಿ ಬರೆಯುವುದು ಬೇಜವಾಬ್ದಾರಿ. ಬದಲಿಗೆ ಮನೆಯ ಜಗಲಿಯ ಮೆಟ್ಟಿಲೇ ಸಾಕು. ಒಂದು ಕಾಲಿಟ್ಟು ಹತ್ತುವುದು, ಇಳಿಯುವುದು, ಎರಡು ನಿಮಿಷ ಮಾಡಿ ಒಂದು ನಿಮಿಷ ಬಿಡುವು. ಇಪ್ಪತ್ತು ನಿಮಿಷಕ್ಕೆ ನಡಿಗೆಗೆ ಸಮನಾದ ದಮ್ಮು ಸಿಗುತ್ತದೆ. ಕೊಯ್ಲಿಲ್ಲದ ಕಾಲದಲ್ಲಿ ಖಾಲಿಯಾಗಿರುವ ಕಣ ಇನ್ನೂ ಒಳ್ಳೆಯ ಜಾಗ, ಮನೆಯ ಕಣ್ಣಳತೆಯಲ್ಲೇ ಇರುತ್ತದೆ.

ಪೇಟೆಯ ಅಂಗಡಿಯವರು, ಬ್ಯಾಂಕಿನವರು, ಶಿಕ್ಷಕಿಯರು ತರುವ ಸಮಸ್ಯೆ ಸಮಯದ್ದು. ಅವರಿಗೆ ಸೂಪರ್‌ಸೆಟ್ ಹೊಂದುತ್ತದೆ. ತಳ್ಳುವ ವ್ಯಾಯಾಮ ಮುಗಿದ ಕೂಡಲೇ ಎಳೆಯುವುದು, ಎದೆ ದಣಿವಾರಿಸಿಕೊಳ್ಳುವಾಗ ಬೆನ್ನಿಗೆ ಕೆಲಸ. ಐವತ್ತು ನಿಮಿಷದ್ದು ಮೂವತ್ತರೊಳಗೆ ಮುಗಿಯುತ್ತದೆ, ಬಲದಲ್ಲಿ ಹೇಳಿಕೊಳ್ಳುವಂಥ ಖೋತಾ ಇಲ್ಲ. ಹೆಂಗಸರಿಗೆ ಸಮಯದ ಜೊತೆ ಜಾಗದ ಸಂಕೋಚವೂ ಇದೆ. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ, ಗಂಡಸರಿಗಿಂತ ಹೆಂಗಸರಲ್ಲಿ ಕೊರತೆ ಹೆಚ್ಚು. ಮಕ್ಕಳು ಶಾಲೆಗೆ ಹೋದಮೇಲೆ ಹನ್ನೊಂದರ ಹೊತ್ತಿಗೆ ಹೆಂಗಸರದ್ದೇ ಒಂದು ಬ್ಯಾಚ್ ಇಟ್ಟರೆ ಬರುವವರಿದ್ದಾರೆ. ಅಂಥ ಬ್ಯಾಚ್‌ಗೆ ಸರ್ಕ್ಯೂಟ್ ಚೆನ್ನ, ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ. ಆದರೆ ಹೆಂಗಸರೆಂದರೆ ಒಂದು ಕೆ.ಜಿ.ಯ ಗುಲಾಬಿ ಡಂಬೆಲ್ ಎಂಬ ಪದ್ಧತಿ ಹೋಗಬೇಕು. ಬಾವಿಯಿಂದ ಎರಡು ಕೊಡ ಒಟ್ಟಿಗೆ ತರುತ್ತಿದ್ದ ಮನೆತನದ ಹೆಣ್ಣುಮಕ್ಕಳಿವರು. ಋತುಬಂಧದ ನಂತರ ಮೂಳೆ ತೆಳುವಾಗುವುದನ್ನು ತಡೆಯಲು ಭಾರ ಬೇಕೇ ಬೇಕು.

ಯಾವುದೋ ಒಂದೇ ಮಾದರಿಯನ್ನು ಪಂಥದಂತೆ ಹಿಡಿಯುವ ಚಾಳಿಗೆ ನಮ್ಮಲ್ಲೇ ಒಳ್ಳೆಯ ಮದ್ದಿತ್ತು. ಬೇಲೂರಿನ ರಾಣಿಯ ಕಥೆಯನ್ನು ‘ಶಾಂತಲಾ’ ಕಾದಂಬರಿಯಾಗಿ ಬರೆದ ಕೆ.ವಿ. ಅಯ್ಯರ್ ಅವರನ್ನು ಹಾಸನದವರು ಸಾಹಿತಿಯೆಂದೇ ಬಲ್ಲರು. ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ, ಅಂಚೆಯ ಮೂಲಕ ದೇಹದಾರ್ಢ್ಯದ ಪಾಠ ಕಳಿಸುತ್ತಿದ್ದ ದೊಡ್ಡ ಗುರು ಕೂಡ. 1930ರ ದಶಕದಲ್ಲೇ ಅವರು ಕಬ್ಬಿಣದ ಭಾರವನ್ನೂ ಸೂರ್ಯನಮಸ್ಕಾರವನ್ನೂ ಹಠಯೋಗದ ಆಸನಗಳನ್ನೂ ಒಂದೇ ಶಿಸ್ತಿನೊಳಗೆ ತಂದಿದ್ದರು. ಗರಡಿಯಲ್ಲೂ ದಂಡ, ಬಸ್ಕಿ, ಗದೆ, ಕುಸ್ತಿಯ ಮಣ್ಣು ಎಲ್ಲ ಇದ್ದವು. ಎಳೆಯ ಹುಡುಗನಿಗೂ ಹಳೆಯ ಪಟುವಿಗೂ ಉಸ್ತಾದ್ ಒಂದೇ ಎಣಿಕೆ ಹೇಳುತ್ತಿರಲಿಲ್ಲ. ಯೋಗ ಮಾತ್ರ ಸಾಕು ಎನ್ನುವವರೂ ತೂಕ ಮಾತ್ರ ಸಾಕು ಎನ್ನುವವರೂ ಅಯ್ಯರ್ ಅವರನ್ನು ಓದಬೇಕು.

ಮಂಜ್ರಾಬಾದ್ ಕೋಟೆಯ ಮೆಟ್ಟಿಲು ಓಡಿ ಹತ್ತುವ ಹುಡುಗರ ಬಗ್ಗೆಯೂ ಒಂದು ಮಾತು. ಟಿಪ್ಪು 1792ರಲ್ಲಿ ಕಟ್ಟಿಸಿದ ಆ ನಕ್ಷತ್ರದಾಕಾರದ ಕೋಟೆಗೆ ಇನ್ನೂರೈವತ್ತರ ಆಸುಪಾಸು ಮೆಟ್ಟಿಲುಗಳಿವೆ, ಆರೋಗ್ಯವಂತ ಯುವಕರಿಗೆ ಇಂಟರ್ವಲ್‌ಗೆ ಅದಕ್ಕಿಂತ ಚೆಂದದ ಜಾಗ ಸಿಗದು. ಹತ್ತುವಾಗ ಬಿರುಸು, ಇಳಿಯುವಾಗ ನಿಧಾನ. ಮರುದಿನ ತೊಡೆ ಹಿಡಿದುಕೊಳ್ಳುವುದು ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ. ಇಳಿಯುವಾಗ ಸ್ನಾಯು ಎಳೆಯಲ್ಪಡುತ್ತಲೇ ಭಾರ ತಡೆಯಬೇಕಾಗುತ್ತದೆ, ಅದರ ಎಳೆಗಳಿಗೆ ಸಣ್ಣ ಪೆಟ್ಟಾಗುತ್ತದೆ. ಜೇನುಕಲ್ಲು ಬೆಟ್ಟ, ಎತ್ತಿನ ಭುಜಕ್ಕೆ ಚಾರಣ ಹೊರಡುವವರು ಒಂದೂವರೆ ತಿಂಗಳು ಮೊದಲಿನಿಂದ ಮೆಟ್ಟಿಲು ನಿಧಾನವಾಗಿ ಇಳಿಯುವುದನ್ನು ರೂಢಿ ಮಾಡಿಕೊಂಡರೆ ಮೊಣಕಾಲು ಉಳಿಯುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲಿನ ಸಹವಾಸ ಬೇಡ.

ಪಾಚಿಯೆಂದಾಗ ಮನೆಯ ಹಿರಿಯರು ನೆನಪಾಗುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತೋಟದ ಮನೆಯಲ್ಲಿ. ಮಲೆನಾಡಿನ ಅಂಗಳದಲ್ಲಿ ಒಮ್ಮೆ ಜಾರಿ ಸೊಂಟ ಮುರಿದರೆ ಮುಂದಿನ ಬದುಕು ಮಂಚಕ್ಕೆ ಅಂಟುತ್ತದೆ. ಇವರಿಗೆ ‘ಸ್ವಲ್ಪ ವಾಕಿಂಗ್ ಮಾಡಿ’ ಎಂದಷ್ಟೇ ಹೇಳಿ ಕಳಿಸುವುದು ಅನ್ಯಾಯ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲಕ್ಕೆ ಒತ್ತುಕೊಡುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಆರೈಕೆ ಕೇಂದ್ರವೊಂದರಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಕೊನೆಯವರೆಗೂ ಮಾಡಿದವರ ಬಲ ಸರಾಸರಿ 174 ಪ್ರತಿಶತ ಏರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಅಜ್ಜಿಗೆ ಜಿಮ್ ಬೇಕಿಲ್ಲ. ಊಟದ ಕುರ್ಚಿಯಿಂದ ಕೈ ಊರದೆ ಎಂಟು ಸಲ ಎದ್ದು ಕೂರುವುದು, ಎರಡು ನಿಮಿಷ ಬಿಟ್ಟು ಮತ್ತೆ ಎಂಟು. ಕಿಟಕಿ ಸರಳು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಅದು ಸುಲಭವಾದಾಗ ಎದೆಗೊಂದು ಅಕ್ಕಿಯ ಸಣ್ಣ ಚೀಲ ಅಪ್ಪಿಕೊಂಡು ಏಳುವುದು. ಡಿಲೋರ್ಮ್ ಸೈನಿಕರಿಗೆ ಮಾಡಿಸಿದ ಅದೇ ನೇರ ಸೆಟ್, ಅದೇ ಏರುವ ಭಾರ.

ಟ್ರೇನರ್‌ಗಳ ಕಷ್ಟವೂ ನನಗೆ ಗೊತ್ತು. ಬೆವರು ಸುರಿದರಷ್ಟೇ ದುಡ್ಡು ವಸೂಲಾಯಿತು, ಮರುದಿನ ಮೈ ನೊಂದರಷ್ಟೇ ವ್ಯಾಯಾಮ ಸರಿಯಾಯಿತು ಎನ್ನುವ ಗ್ರಾಹಕರೇ ಹೆಚ್ಚು. ನಿಧಾನದ ಯೋಜನೆ ಕೊಟ್ಟರೆ ಪಕ್ಕದ ಜಿಮ್‌ಗೆ ಹೋಗುತ್ತಾರೆ. ಅದಕ್ಕೆ ಒಂದು ನೋಟ್‌ಬುಕ್ ಒಳ್ಳೆಯ ಉಪಾಯ. ಮೊದಲ ದಿನ ಎಷ್ಟು ಸಲ ಕುರ್ಚಿಯಿಂದ ಎದ್ದರು, ಆರು ನಿಮಿಷಕ್ಕೆ ಎಷ್ಟು ದೂರ ನಡೆದರು, ಬಿಪಿ ಎಷ್ಟಿತ್ತು, ರಾತ್ರಿ ನಿದ್ದೆ ಹೇಗಿತ್ತು ಎಂದು ಬರೆದಿಟ್ಟು ಆರು ವಾರಕ್ಕೊಮ್ಮೆ ಅದೇ ಪರೀಕ್ಷೆ ಮಾಡಿಸಬೇಕು. ಅಂಕಿ ಏರುತ್ತಿದ್ದರೆ ಮಾದರಿ ಬದಲಿಸುವ ಅಗತ್ಯವಿಲ್ಲ, ಗ್ರಾಹಕರಿಗೆ ಎಷ್ಟೇ ಬೇಸರವಾದರೂ ಸರಿ. ಎರಡು ಸಲ ನೋಡಿದಾಗಲೂ ಅಂಕಿ ನಿಂತಲ್ಲೇ ನಿಂತಿದ್ದರೆ ಮೊದಲು ನಿದ್ದೆ ಮತ್ತು ಊಟದ ವಿಚಾರಣೆ, ಆಮೇಲೆ ಭಾರ, ಕಡೆಗೆ ಮಾದರಿ.

ಕೊಯ್ಲು ಶುರುವಾಗಿ “ಇನ್ನು ಮೂರು ತಿಂಗಳು ಬರಕ್ಕಾಗಲ್ಲ ಸರ್” ಎಂದು ಬೆಳೆಗಾರ ಹೇಳಿದಾಗಲೂ ಯೋಜನೆ ನಿಲ್ಲಬೇಕಿಲ್ಲ. ಬಲ ಕಟ್ಟಲು ಬೇಕಾದಷ್ಟು ಕೆಲಸ ಅದನ್ನು ಉಳಿಸಿಕೊಳ್ಳಲು ಬೇಡ. ಭಾರವನ್ನು ಇಳಿಸದಿದ್ದರೆ ವಾರಕ್ಕೆ ಒಂದೇ ಒಂದು ದಿನ, ಪ್ರತಿ ವ್ಯಾಯಾಮಕ್ಕೆ ಒಂದೇ ಸೆಟ್ ಮಾಡಿದರೂ ಗಳಿಸಿದ ಬಲ ತಿಂಗಳುಗಟ್ಟಲೆ ನಿಲ್ಲುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಮಳೆಗಾಲದಲ್ಲಿ ಮೂರು ದಿನ ಬರುತ್ತಿದ್ದವನು ನವೆಂಬರ್‌ನಿಂದ ಕೆಲಸವಿಲ್ಲದ ದಿನ ನೋಡಿಕೊಂಡು ವಾರಕ್ಕೊಮ್ಮೆ ಇಪ್ಪತ್ತೈದು ನಿಮಿಷ ಬರಲಿ. ವಾರವೆಲ್ಲ ಬೆನ್ನು ದುಡಿದಿರುವುದರಿಂದ, ಪೂರ್ಣ ಮೈಯ ಆ ಐದು ವ್ಯಾಯಾಮಗಳಲ್ಲಿ ನೆಲದಿಂದ ಎತ್ತುವುದನ್ನು ಬಿಟ್ಟು, ಉಳಿದ ನಾಲ್ಕನ್ನು ಹಳೆಯ ಭಾರದಲ್ಲೇ ಒಂದೊಂದು ಸೆಟ್ ಮಾಡಿಸಿ ಕಳಿಸಿದರೆ, ಮುಂದಿನ ಜೂನ್‌ನಲ್ಲಿ ಅವನು ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.